ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350: ಗಟ್ಟಿತನ ಎಷ್ಟು, ಸವಾರಿ ಹೇಗೆ?

ಬುಲೆಟ್ ಜಾತಿಯ ಬೈಕುಗಳ ಗಟ್ಟಿತನವನ್ನು ಅಳೆಯಲು ನಮ್ಮಲ್ಲಿ ಒಂದು ರೂಢಿಯಿದೆ. ಟ್ಯಾಂಕನ್ನು ಬೆರಳಿನಿಂದ ತಟ್ಟಿ ನೋಡುತ್ತಾರೆ, ಮಡ್‌ಗಾರ್ಡನ್ನು ಒತ್ತಿ ನೋಡುತ್ತಾರೆ, ಸ್ಟ್ಯಾಂಡಿನಿಂದ ಇಳಿಸಿ ತೂಕ ನೋಡುತ್ತಾರೆ. ತಗಡು ದಪ್ಪವಾಗಿದ್ದು ಗಾಡಿ ಭಾರವಾಗಿದ್ದರೆ ಪರೀಕ್ಷೆ ಮುಗಿಯಿತು. ಕ್ಲಾಸಿಕ್ 350 ಈ ಪರೀಕ್ಷೆಯಲ್ಲಿ ಸಲೀಸಾಗಿ ತೇರ್ಗಡೆಯಾಗುತ್ತದೆ; ಟ್ಯಾಂಕು, ಎರಡೂ ಮಡ್‌ಗಾರ್ಡುಗಳು ಲೋಹದವು, ಗಾಡಿಯ ಒಟ್ಟು ತೂಕ 195 ಕಿಲೋ. ಆದರೆ ಇದೇ ಪರೀಕ್ಷೆಯಲ್ಲಿ 2009ರಲ್ಲಿ ಬಂದ ಹಳೆಯ ಕ್ಲಾಸಿಕ್ ಕೂಡ ತೇರ್ಗಡೆಯಾಗುತ್ತಿತ್ತು. ಹಾಗಿದ್ದೂ 2021ರ ಸೆಪ್ಟೆಂಬರಿನಿಂದ ಮಾರಾಟದಲ್ಲಿರುವ ಹೊಸ ಕ್ಲಾಸಿಕ್, ಓಡಿಸುವವರ ಮಟ್ಟಿಗೆ ಪೂರ್ತಿ ಬೇರೆಯೇ ಆದ ಗಾಡಿ. ಎರಡನ್ನೂ ಪಕ್ಕದಲ್ಲಿ ನಿಲ್ಲಿಸಿದರೆ ವ್ಯತ್ಯಾಸ ಹುಡುಕಲು ಕಣ್ಣನ್ನು ಕಿರಿದಾಗಿಸಿ ನೋಡಬೇಕಾಗುತ್ತದೆ. ಹಾಗಾಗಿ ಈ ಗಾಡಿಯ ಗುಣಮಟ್ಟವನ್ನು ತೂಗಲು ತಗಡಿನ ದಪ್ಪದಿಂದ ಆರಂಭಿಸದೆ, ಹೊರಗಿನಿಂದ ಸುಲಭವಾಗಿ ಕಾಣದ ಎರಡು ಭಾಗಗಳಿಂದ, ಅಂದರೆ ಗಾಡಿಯ ಅಸ್ಥಿಪಂಜರವಾದ ಚಾಸಿಯಿಂದ ಮತ್ತು ಎಂಜಿನ್ನಿನೊಳಗೆ ಕಂಪನ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟಿನಿಂದ ಆರಂಭಿಸುವುದೇ ಸರಿ ಎಂದು ನನ್ನ ಅಭಿಪ್ರಾಯ.

ಹಳೆಯ ಕ್ಲಾಸಿಕ್‌ನ ಚಾಸಿಯಲ್ಲಿ ಮುಂದಿನಿಂದ ಇಳಿದು ಬರುತ್ತಿದ್ದುದು ಒಂದೇ ಪೈಪು. ಅದರ ಕೊನೆಯಿಂದ ಮುಂದಕ್ಕೆ ಭಾರ ಹೊರುವ ಕೆಲಸ ಎಂಜಿನ್ನಿನದೇ ಆಗಿತ್ತು. ಹೊಸದರಲ್ಲಿ ಎರಡು ಪೈಪುಗಳು ಇಳಿದು ಬಂದು ಎಂಜಿನ್ನನ್ನು ಹಿಡಿದುಕೊಳ್ಳುತ್ತವೆ. ಇದರ ವಿನ್ಯಾಸದ ಹಿಂದೆ ಇಂಗ್ಲೆಂಡಿನ ಹ್ಯಾರಿಸ್ ಪರ್ಫಾರ್ಮೆನ್ಸ್‌ನವರ ಕೈಯಿದೆ. ರೇಸ್ ಬೈಕುಗಳ ಚಾಸಿಗೆ ಹೆಸರಾಗಿದ್ದ ಆ ಸಂಸ್ಥೆಯನ್ನು ರಾಯಲ್ ಎನ್‌ಫೀಲ್ಡ್ 2015ರಲ್ಲಿ ಕೊಂಡುಕೊಂಡಿತು, ಆ ಬಳಿಕ ಬ್ರಂಟಿಂಗ್‌ಥಾರ್ಪ್‌ನಲ್ಲಿ ತನ್ನ ತಾಂತ್ರಿಕ ಕೇಂದ್ರವನ್ನು ತೆರೆಯಿತು. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಕೊಳವೆಗಳ ವ್ಯಾಸ ಮೊದಲು 35 ಮಿಲಿಮೀಟರ್ ಇದ್ದದ್ದು ಈಗ 41 ಮಿಲಿಮೀಟರ್ ಆಗಿದೆ. ಆರು ಮಿಲಿಮೀಟರು ಕೇಳಲು ಅಲ್ಪವೆನಿಸಿದರೂ, ಕೊಳವೆಯೊಂದು ಬಾಗದೆ ತಡೆದುಕೊಳ್ಳುವ ಶಕ್ತಿ ಅದರ ವ್ಯಾಸ ಏರಿದ್ದಕ್ಕಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ ಏರುತ್ತದೆ. ಬ್ರೇಕ್ ಹಿಡಿದುಕೊಂಡೇ ತಿರುವಿಗೆ ಇಳಿಯುವಾಗ ಮುಂದಿನ ಚಕ್ರ ಹ್ಯಾಂಡಲಿನ ಮಾತನ್ನು ಎಷ್ಟು ಕೇಳುತ್ತದೆ ಎಂಬುದು ಇಂಥ ಅಳತೆಗಳ ಮೇಲೆಯೇ ನಿಂತಿರುತ್ತದೆ.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಇದು ಮೈಗೆ ತಿಳಿಯುತ್ತದೆ. ಅಲ್ಲಿನ ಹೇರ್‌ಪಿನ್ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಗಾಡಿಯನ್ನು ವಾಲಿಸಿ, ತಿರುವಿನ ನಡುವೆ ಕಿತ್ತುಹೋದ ಡಾಂಬರು ಎದುರಾದರೂ ಗಾಡಿ ಹಿಡಿದ ಗೆರೆಯನ್ನು ಬಿಡುವುದಿಲ್ಲ. ಮುಂದಿನ ಚಕ್ರ ಒಂದು ಕಡೆಗೆ, ಹಿಂದಿನದು ಇನ್ನೊಂದು ಕಡೆಗೆ ಎಳೆಯುತ್ತಿರುವ ಭಾವನೆ ಬರುವುದಿಲ್ಲ. ಹಳೆಯ ಚಾಸಿಯಲ್ಲಿ ಇಂಥ ಜಾಗಗಳಲ್ಲಿ ಸವಾರ ವೇಗ ತಗ್ಗಿಸಿ ಗಾಡಿ ಸುಧಾರಿಸಿಕೊಳ್ಳಲು ಸಮಯ ಕೊಡಬೇಕಾಗುತ್ತಿತ್ತು. ಹೊಸದು 19 ಇಂಚಿನ ಮುಂದಿನ ಚಕ್ರದ ದೊಡ್ಡ ಗಾಡಿಯಾದ್ದರಿಂದ ತಿರುವಿಗೆ ಇಳಿಯುವುದು ನಿಧಾನವೇ, ಆದರೆ ಒಮ್ಮೆ ಇಳಿದ ಮೇಲೆ ನಿಲ್ಲುವ ಸ್ಥಿರತೆಗೆ ಈ ಬೆಲೆಯ ಗಾಡಿಗಳಲ್ಲಿ ನಾನು ಪೂರ್ಣ ಅಂಕ ಕೊಡುತ್ತೇನೆ.

ಇನ್ನು ಎಂಜಿನ್. ಹಳೆಯದು 70 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳವ್ಯಾಸ), 90 ಮಿಲಿಮೀಟರ್ ಸ್ಟ್ರೋಕ್‌ನ (ಪಿಸ್ಟನ್ ಓಡುವ ದೂರ) 346 ಸಿಸಿಯದು. ಹೊಸದು 72 ಮತ್ತು 85.8 ಮಿಲಿಮೀಟರ್ ಅಳತೆಯ 349 ಸಿಸಿಯದು. ವಾಲ್ವುಗಳನ್ನು ಕೆಳಗಿನಿಂದ ತಳ್ಳಿ ತೆರೆಯುತ್ತಿದ್ದ ಪುಶ್‌ರಾಡ್ ಕಡ್ಡಿಗಳು ಹೋಗಿ, ಆ ಕೆಲಸಕ್ಕೆ ಸಿಲಿಂಡರಿನ ತಲೆಯ ಮೇಲೆಯೇ ಕ್ಯಾಮ್ ಬಂದಿದೆ. ಎಂಜಿನ್ನಿನಿಂದ ಕ್ಲಚ್ಚಿಗೆ ಶಕ್ತಿ ಸಾಗಿಸುತ್ತಿದ್ದ ಒಳ ಚೈನಿನ ಬದಲು ಗೇರು ಬಂದಿದೆ. ಅಂಕಿಗಳನ್ನಷ್ಟೇ ನೋಡುವವರಿಗೆ ಇಷ್ಟೆಲ್ಲ ಬದಲಾವಣೆಯಿಂದ ಏನೂ ದಕ್ಕಿದಂತೆ ಕಾಣುವುದಿಲ್ಲ, ಏಕೆಂದರೆ ಅಶ್ವಶಕ್ತಿ 19.8ರಿಂದ 20.2ಕ್ಕೆ ಏರಿದೆ, ಟಾರ್ಕ್, ಅಂದರೆ ತಿರುಗಿಸುವ ಬಲ, 28 ನ್ಯೂಟನ್ ಮೀಟರಿನಿಂದ 27ಕ್ಕೆ ಇಳಿದಿದೆ. ದಕ್ಕಿರುವುದು ಬೇರೆಯೇ ಒಂದು. ಒಂದೇ ಸಿಲಿಂಡರಿನ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡುವಾಗ ಅದರ ಹೊಡೆತವನ್ನು ಸರಿದೂಗಿಸಲು ಎದುರಿಗೆ ಇನ್ನೊಂದು ಪಿಸ್ಟನ್ ಇರುವುದಿಲ್ಲ. ಪಿಸ್ಟನ್ ತಿರುಗಿಸುವ ಕ್ರ್ಯಾಂಕಿಗೆ ಎದುರುತೂಕ ಕಟ್ಟಿದರೆ ಮೇಲೆ ಕೆಳಗಿನ ಹೊಡೆತದ ಒಂದು ಭಾಗ ಕಡಿಮೆಯಾಗುತ್ತದೆ, ಆದರೆ ಅಷ್ಟೇ ಹೊಡೆತ ಹಿಂದೆ ಮುಂದೆ ಹುಟ್ಟಿಕೊಳ್ಳುತ್ತದೆ. ಕ್ರ್ಯಾಂಕಿನಷ್ಟೇ ವೇಗದಲ್ಲಿ ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ತಿರುಗುವ ತೂಕದ ಶಾಫ್ಟೊಂದನ್ನು ಸೇರಿಸಿದಾಗ ಮಾತ್ರ ಇವೆರಡೂ ಬಹುಮಟ್ಟಿಗೆ ಅಡಗುತ್ತವೆ. 2020ರ ನವೆಂಬರಿನಲ್ಲಿ ಇದೇ ಕಂಪನಿಯ ಮೀಟಿಯರ್ 350 ಬೈಕಿನೊಂದಿಗೆ ಮೊದಲು ಬಂದ ಈ ಎಂಜಿನ್ನಿನಲ್ಲಿ ಅಂಥ ಶಾಫ್ಟ್ ಇದೆ, ಹಳೆಯ 346 ಸಿಸಿ ಎಂಜಿನ್ನಿನಲ್ಲಿ ಇರಲಿಲ್ಲ.

ಇದನ್ನು ಆರಾಮದ ವಿಷಯ ಎಂದಷ್ಟೇ ಪರಿಗಣಿಸುವುದು ಸಾಲದು. ಮೋಟಾರ್‌ಸೈಕಲ್ಲನ್ನು ಒಳಗಿನಿಂದ ಹಾಳುಮಾಡುವುದು ರಸ್ತೆಗಿಂತ ಹೆಚ್ಚಾಗಿ ಅದರದೇ ಕಂಪನ. ನಟ್ಟು ಬೋಲ್ಟುಗಳು ಸಡಿಲವಾಗುವುದು, ನಂಬರ್ ಪ್ಲೇಟು ಮೊಳೆಯ ಹತ್ತಿರ ಸೀಳುವುದು, ಇಂಡಿಕೇಟರಿನ ಕೊರಳು ಮುರಿಯುವುದು, ಬಲ್ಬಿನ ತಂತಿ ಪದೇ ಪದೇ ಕಡಿಯುವುದು, ಸೈಲೆನ್ಸರ್ ಹಿಡಿದಿರುವ ಪಟ್ಟಿಯಲ್ಲಿ ಬಿರುಕು ಕಾಣಿಸುವುದು, ವೈರಿಂಗ್ ಚಾಸಿಗೆ ಉಜ್ಜಿ ಸವೆಯುವುದು, ಇವೆಲ್ಲವೂ ಬ್ಯಾಲೆನ್ಸರ್ ಇಲ್ಲದ ದೊಡ್ಡ ಸಿಂಗಲ್ ಸಿಲಿಂಡರ್ ಗಾಡಿಗಳಲ್ಲಿ ಮೆಕ್ಯಾನಿಕ್‌ಗಳು ಬಹುಕಾಲದಿಂದ ಕಂಡಿರುವ ಕಾಯಿಲೆಗಳು. ತಗಡನ್ನು ಎಷ್ಟೇ ದಪ್ಪ ಮಾಡಿದರೂ ಈ ಕಾಯಿಲೆ ವಾಸಿಯಾಗುವುದಿಲ್ಲ. ದಪ್ಪ ತಗಡು ಇನ್ನಷ್ಟು ಭಾರವಾಗಿ ತನ್ನ ಬೋಲ್ಟುಗಳನ್ನೇ ಹೆಚ್ಚು ಅಲುಗಿಸುತ್ತದೆ. ಆದ್ದರಿಂದ ಕ್ಲಾಸಿಕ್ 350ರ ಗಟ್ಟಿತನ ಹೆಚ್ಚಿದ್ದು ಅದರ ಕಂಪನ ತಗ್ಗಿದ್ದರಿಂದ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಮಳೆಗಾಲಗಳನ್ನು ಕಂಡ, ಕಾಫಿ ತೋಟದ ಕಚ್ಚಾ ರಸ್ತೆಗಳಲ್ಲಿ ದಿನವೂ ಓಡುವ ಗಾಡಿಯೊಂದನ್ನು ಬಗ್ಗಿ ಪರಿಶೀಲಿಸಿದಾಗಲೂ ಹೆಡ್‌ಲೈಟಿನ ಕೇಸು, ಮಡ್‌ಗಾರ್ಡಿನ ಕೊಂಡಿಗಳು, ಹಿಂದಿನ ನಂಬರ್ ಪ್ಲೇಟು ಮೊದಲಿನಂತೆಯೇ ಬಿಗಿಯಾಗಿದ್ದವು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕನ್ನಡಿ ನೋಡಿದರೆ ಹಿಂದಿನ ವಾಹನ ಯಾವುದೆಂದು ಸ್ಪಷ್ಟವಾಗಿ ಕಾಣುತ್ತದೆ.

ಹೊರಮೈಯ ಕೆಲಸವೂ ಸುಧಾರಿಸಿದೆ. ಬಣ್ಣದ ಆಳ ಮತ್ತು ಹೊಳಪು ಬೆಲೆಗೆ ತಕ್ಕುದಕ್ಕಿಂತ ಮೇಲು. ಚಾಸಿಯ ವೆಲ್ಡಿಂಗ್ ಸೀಟಿನ ಕೆಳಗೂ ಸಮವಾಗಿದೆ. ಹೊರಗೆ ಕಾಣುವ ಕಡೆ ಮಾತ್ರ ಚೆಂದ, ಒಳಗೆ ಉಂಡೆ ಉಂಡೆ ಎಂಬ ಪರಿಸ್ಥಿತಿ ಇಲ್ಲ. ಹ್ಯಾಂಡಲಿನ ಮೇಲೆ ತಿರುಗಿಸುವ ಗುಂಡನೆಯ ಸ್ವಿಚ್ಚುಗಳು ಹಿಡಿತಕ್ಕೆ ಗಟ್ಟಿಯಾಗಿವೆ, ಒಂದೊಂದು ಹಂತವೂ ಬೆರಳಿಗೆ ತಿಳಿಯುತ್ತದೆ. ಮೀಟರಿನಲ್ಲಿ ಈಗ ಪೆಟ್ರೋಲಿನ ಮಟ್ಟ ಕಾಣುತ್ತದೆ. ಹಳೆಯದರಲ್ಲಿ ಪೆಟ್ರೋಲ್ ಮುಗಿಯುತ್ತ ಬಂದಾಗ ಎಚ್ಚರಿಸುವ ದೀಪ ಮಾತ್ರ ಇತ್ತು. ಕ್ರೋಮಿಯಂ ಲೇಪದ ಭಾಗಗಳ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಮಂಗಳೂರು, ಉಡುಪಿ, ಕಾರವಾರದಂಥ ಕಡೆ ಉಪ್ಪಿನ ಗಾಳಿಗೆ ಯಾವ ಕಂಪನಿಯ ಕ್ರೋಮಿಯಂ ಆದರೂ ಆರೈಕೆಯಿಲ್ಲದೆ ಉಳಿಯುವುದಿಲ್ಲ, ಮತ್ತು ಈ ಗಾಡಿಯಲ್ಲಿ ಕ್ರೋಮಿಯಂ ಬಹಳವಿದೆ. ಕರಾವಳಿಯವರು ಹೊಳೆಯುವ ಮಾದರಿಗಳ ಬದಲು ಎಂಜಿನ್, ಸೈಲೆನ್ಸರ್ ಕಪ್ಪಾಗಿರುವ ಮಾದರಿಯನ್ನು ಆರಿಸಿಕೊಂಡರೆ ಒರೆಸುವ ಕೆಲಸವೂ ಉಳಿಯುತ್ತದೆ, ತುಕ್ಕಿನ ಚಿಂತೆಯೂ ಅಷ್ಟರಮಟ್ಟಿಗೆ ತಗ್ಗುತ್ತದೆ.

ನಗರದೊಳಗೆ 195 ಕಿಲೋ ತೂಕ ಮರೆಯಾಗುವುದಿಲ್ಲ. ಸೀಟಿನ ಎತ್ತರ 805 ಮಿಲಿಮೀಟರ್ ಆದ್ದರಿಂದ ಸಾಧಾರಣ ಎತ್ತರದವರ ಕಾಲು ನೆಲಕ್ಕೆ ಸಿಗುತ್ತದೆ, ಆದರೆ ಇಳಿಜಾರಿನಲ್ಲಿ ಮುಂದೆ ಮುಖ ಮಾಡಿ ನಿಲ್ಲಿಸಿದ ಗಾಡಿಯನ್ನು ಹಿಂದಕ್ಕೆ ತಳ್ಳಬೇಕಾದಾಗ ತೋಳಿಗೆ ಕೆಲಸ ಬೀಳುತ್ತದೆ. ಓಡತೊಡಗಿದ ಮೇಲೆ ಚಿತ್ರ ಬದಲಾಗುತ್ತದೆ. ಎಂಜಿನ್ನಿನ ಪೂರ್ಣ ಟಾರ್ಕ್ 4000 ಆರ್‌ಪಿಎಂಗೇ ಸಿಗುವುದರಿಂದ, ಅದಕ್ಕಿಂತ ಬಹಳ ಕೆಳಗೂ ಎಳೆತ ತುಂಬಿಕೊಂಡಿರುವುದರಿಂದ, ಬೆಂಗಳೂರಿನ ಸಿಲ್ಕ್ ಬೋರ್ಡ್‌ನಂಥ ಕಡೆ ಎರಡು, ಮೂರನೇ ಗೇರಿನಲ್ಲೇ ತೆವಳುತ್ತ ಸಾಗಬಹುದು. ಕ್ಲಚ್ ಹಳೆಯದಕ್ಕಿಂತ ಸ್ಪಷ್ಟವಾಗಿ ಹಗುರ. ಐದು ಗೇರುಗಳು ತಡವರಿಸದೆ ಬೀಳುತ್ತವೆ, ನಿಂತಲ್ಲಿ ನ್ಯೂಟ್ರಲ್ ಹುಡುಕಲು ಪರದಾಡಬೇಕಿಲ್ಲ. ಪೆಟ್ರೋಲಿನ ಲೆಕ್ಕದಲ್ಲಿ ಲೀಟರಿಗೆ 35 ಕಿಲೋಮೀಟರಿನ ಆಸುಪಾಸು ನಿರೀಕ್ಷಿಸುವುದು ನ್ಯಾಯ. ಟ್ಯಾಂಕು 13 ಲೀಟರಿನದು.

ಈಗ ಈ ಗಾಡಿಯ ದುರ್ಬಲ ಭಾಗಕ್ಕೆ ಬರುತ್ತೇನೆ. ಮುಂದಿನ ಫೋರ್ಕು 130 ಮಿಲಿಮೀಟರ್ ಚಲಿಸುತ್ತದೆ, ಗುಂಡಿಗಳನ್ನು ನುಂಗುತ್ತದೆ, ಹ್ಯಾಂಡಲಿಗೆ ಹೊಡೆತ ಮುಟ್ಟಿಸುವುದಿಲ್ಲ. ಹಿಂದಿನ ಎರಡು ಶಾಕ್ ಅಬ್ಸಾರ್ಬರುಗಳು ಆ ಮಟ್ಟಕ್ಕೆ ಏರಿಲ್ಲ. ಒಬ್ಬರೇ ಹೋಗುವಾಗ ಚಿಕ್ಕ, ಚೂಪಾದ ಗುಂಡಿಗಳ ಹೊಡೆತ ನೇರವಾಗಿ ಸೊಂಟಕ್ಕೆ ತಲುಪುತ್ತದೆ. ಇಬ್ಬರು ಕೂತಾಗ ಅದೇ ಶಾಕ್ ಅಬ್ಸಾರ್ಬರು ಚೆನ್ನಾಗಿ ಕೆಲಸ ಮಾಡತೊಡಗುತ್ತದೆ. ಭಾರ ಹೊತ್ತಾಗ ತಳ ಮುಟ್ಟಬಾರದೆಂದು ಸ್ಪ್ರಿಂಗನ್ನು ಗಟ್ಟಿಯಾಗಿ ಇಟ್ಟಿರುವುದೇ ಇದಕ್ಕೆ ಕಾರಣವೆಂದು ತೋರುತ್ತದೆ, ಮತ್ತು ನಮ್ಮಲ್ಲಿ ಈ ಗಾಡಿಗಳ ಮೇಲೆ ಸಂಸಾರವೇ ಸಾಗುವುದನ್ನು ನೋಡಿದರೆ ಆ ಆಯ್ಕೆಯನ್ನು ಪೂರ್ತಿ ತಪ್ಪೆನ್ನಲಾಗದು.

ಹಿಂದಿನ ಶಾಕ್ ಅಬ್ಸಾರ್ಬರಿನಲ್ಲಿ ಆರು ಹಂತಗಳ ಹೊಂದಾಣಿಕೆ ಇದೆ. ಇದರ ಬಗ್ಗೆ ವ್ಯಾಪಕವಾದ ಒಂದು ತಪ್ಪು ತಿಳಿವಳಿಕೆ ಇರುವುದರಿಂದ ಸ್ವಲ್ಪ ವಿವರಿಸಬೇಕು. ಹಂತ ಏರಿಸಿದಾಗ ಸ್ಪ್ರಿಂಗ್ ಗಡುಸಾಗುತ್ತದೆ, ಇಳಿಸಿದಾಗ ಮೆತ್ತಗಾಗುತ್ತದೆ ಎಂದು ಹೆಚ್ಚಿನವರು ನಂಬುತ್ತಾರೆ. ಸ್ಪ್ರಿಂಗಿನ ಗಡಸುತನ ತಂತಿಯ ದಪ್ಪ ಮತ್ತು ಸುತ್ತುಗಳಿಂದ ನಿರ್ಧಾರವಾದದ್ದು, ಅದು ಬದಲಾಗುವುದಿಲ್ಲ. ಬದಲಾಗುವುದು ಸವಾರ ಕೂತಾಗ ಗಾಡಿಯ ಹಿಂಭಾಗ ಎಷ್ಟು ಕುಸಿಯುತ್ತದೆ ಎಂಬುದು ಮಾತ್ರ. ಹಾಗಾಗಿ ಒಬ್ಬರೇ ಓಡಿಸುವವರು ಕೆಳಗಿನ ಹಂತಗಳಲ್ಲಿಟ್ಟುಕೊಂಡರೆ ಗುಂಡಿಯೊಳಕ್ಕೆ ಚಕ್ರ ಇಳಿಯಲು ಸ್ವಲ್ಪ ಅವಕಾಶ ಸಿಗುತ್ತದೆಯೇ ಹೊರತು ಚೂಪಾದ ಹೊಡೆತ ಮಾಯವಾಗುವುದಿಲ್ಲ. ಟೈರಿನ ಗಾಳಿಯನ್ನು ಕೈಪಿಡಿಯಲ್ಲಿ ಹೇಳಿದ ಮಟ್ಟಕ್ಕೇ ಇಟ್ಟುಕೊಳ್ಳುವುದು ಇದಕ್ಕಿಂತ ಹೆಚ್ಚಿನ ವ್ಯತ್ಯಾಸ ತರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಅಂದಾಜಿನ ಮೇಲೆ ತುಂಬಿಸಿಕೊಂಡ ಗಾಳಿಯಿಂದಲೇ ಗಾಡಿಗೆ ಗಡಸು ಎಂಬ ಹೆಸರು ಬಂದಿರುವ ಉದಾಹರಣೆಗಳು ಬಹಳ. ನೆಲದಿಂದ ಎತ್ತರ 170 ಮಿಲಿಮೀಟರ್ ಇರುವುದರಿಂದ ಹಳ್ಳಿಯ ಬಾಯಿಯಲ್ಲಿ ಮನಸ್ಸಿಗೆ ಬಂದಂತೆ ಎಬ್ಬಿಸಿರುವ ಹಂಪ್‌ಗಳನ್ನು ದಾಟುವಾಗ ತಳ ತಾಗುವ ಭಯ ಸಾಮಾನ್ಯವಾಗಿ ಇರುವುದಿಲ್ಲ.

ಬ್ರೇಕುಗಳು ತೂಕಕ್ಕೆ ತಕ್ಕಂತಿವೆ. ಮುಂದೆ 300 ಮಿಲಿಮೀಟರ್, ಹಿಂದೆ 270 ಮಿಲಿಮೀಟರ್ ಡಿಸ್ಕ್. ಹಳೆಯದರಲ್ಲಿ ಇವು 280 ಮತ್ತು 240 ಆಗಿದ್ದವು. ಮುಂದಿನ ಲಿವರನ್ನು ದೃಢವಾಗಿ ಒತ್ತಬೇಕು, ಒತ್ತಿದರೆ ಗಾಡಿ ನೇರವಾಗಿ ನಿಲ್ಲುತ್ತದೆ. ಹಿಂದೆ ಡ್ರಮ್ ಬ್ರೇಕ್ ಮತ್ತು ಮುಂದಿನ ಚಕ್ರಕ್ಕೆ ಮಾತ್ರ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಡಿಮೆ ಬೆಲೆಯ ಮಾದರಿಯೂ ಬಂದಿತ್ತು. 2021ರ ಸೆಪ್ಟೆಂಬರ್ 1ರಿಂದ ಡಿಸೆಂಬರ್ 5ರ ನಡುವೆ ತಯಾರಾದ ಈ ಮಾದರಿಯ 26,300 ಗಾಡಿಗಳನ್ನು, ಹಿಂದಿನ ಬ್ರೇಕಿನ ಒತ್ತಡ ತಡೆಯುವ ಕೊಂಡಿಯಲ್ಲಿ ಅಸಾಧಾರಣ ಸಂದರ್ಭದಲ್ಲಿ ಹಾನಿಯಾಗಬಹುದೆಂಬ ಕಾರಣಕ್ಕೆ ಕಂಪನಿಯೇ ಅದೇ ಡಿಸೆಂಬರಿನಲ್ಲಿ ವಾಪಸು ಕರೆಸಿ ದುರಸ್ತಿಗೆ ಮುಂದಾಯಿತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಆ ತಿಂಗಳುಗಳ ಡ್ರಮ್ ಬ್ರೇಕಿನ ಗಾಡಿ ಎದುರಾದರೆ, ಚಾಸಿ ನಂಬರ್ ಕೊಟ್ಟು ಆ ಕೆಲಸ ಆಗಿದೆಯೇ ಎಂದು ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ವಿಚಾರಿಸಿಕೊಂಡೇ ಹಣ ಕೊಡಬೇಕು.

ಹೆದ್ದಾರಿಯಲ್ಲಿ ಈ ಎಂಜಿನ್ನಿಗೆ ಹಿತವಾದ ವೇಗ 80ರಿಂದ 90. ಹಾಸನದಿಂದ ಬೆಂಗಳೂರಿನ ಕಡೆಗೆ ಆ ವೇಗದಲ್ಲಿ ಗಂಟೆಗಟ್ಟಲೆ ಓಡಿಸಿದರೂ ಅಂಗೈ ಜೋಮು ಹಿಡಿಯುವುದಿಲ್ಲ. 100 ದಾಟಿದ ಮೇಲೆ ಫುಟ್‌ರೆಸ್ಟಿನಲ್ಲಿ ಕಂಪನ ಮತ್ತೆ ಕಾಣಿಸಿಕೊಳ್ಳುತ್ತದೆ, ಓವರ್‌ಟೇಕ್ ಮಾಡಲು ಉಳಿದಿರುವ ಶಕ್ತಿಯೂ ಕಡಿಮೆ, ಎದುರು ಲಾರಿ ಬರುತ್ತಿರುವಾಗ ಇದನ್ನು ಲೆಕ್ಕದಲ್ಲಿಟ್ಟುಕೊಂಡೇ ಬಲಕ್ಕೆ ಸರಿಯಬೇಕು. ನೂರಕ್ಕಿಂತ ಮೇಲೆಯೇ ಓಡಿಸುವ ಅಭ್ಯಾಸವಿರುವವರಿಗೆ ಈ ಗಾಡಿ ಸೂಕ್ತವಲ್ಲ.

ಇದೇ ಅಳತೆಯ ಹೋಂಡಾ ಹೈನೆಸ್ ಸಿಬಿ350 ಜೊತೆ ಹೋಲಿಸದೆ ಈ ವಿಮರ್ಶೆ ಪೂರ್ಣವಾಗದು. 2020ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಆ ಗಾಡಿ 181 ಕಿಲೋ ತೂಗುತ್ತದೆ, 30 ನ್ಯೂಟನ್ ಮೀಟರ್ ಟಾರ್ಕನ್ನು 3000 ಆರ್‌ಪಿಎಂಗೇ ಕೊಡುತ್ತದೆ, ಗೇರ್ ಇಳಿಸುವಾಗ ಹಿಂದಿನ ಚಕ್ರ ಅದುರದಂತೆ ತಡೆಯುವ ಸ್ಲಿಪ್ಪರ್ ಕ್ಲಚ್ ಮತ್ತು ಹಿಂದಿನ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಹೊಂದಿದೆ. ಗೇರಿನ ನಯ, ಸಣ್ಣ ಬೋಲ್ಟು, ರಬ್ಬರು, ಪ್ಲಾಸ್ಟಿಕ್ ಭಾಗಗಳ ಅಚ್ಚುಕಟ್ಟುತನದಲ್ಲಿ ಹೋಂಡಾ ಒಂದು ಕೂದಲೆಳೆಯಷ್ಟು ಮುಂದಿದೆ ಎಂಬುದನ್ನು ಒಪ್ಪಲೇಬೇಕು. ತಿರುವಿನಲ್ಲಿ ನೆಲಕ್ಕೆ ಕಚ್ಚಿಕೊಂಡಂತೆ ಸಾಗುವ ಭರವಸೆಯಲ್ಲಿ ಮತ್ತು ಇಬ್ಬರು ಕೂತ ಸವಾರಿಯಲ್ಲಿ ನನಗೆ ಕ್ಲಾಸಿಕ್ ಹೆಚ್ಚು ಹಿಡಿಸಿತು. ತಾಲ್ಲೂಕು ಕೇಂದ್ರದಲ್ಲೂ ಬಿಡಿಭಾಗ ಸಿಗುವುದು, ಊರಿನ ಮೆಕ್ಯಾನಿಕ್‌ಗೆ ಗಾಡಿಯ ಪರಿಚಯವಿರುವುದು ಕೂಡ ತೂಕದ ವಿಷಯ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಅಲ್ಲಿ ತಯಾರಾದ ಯೆಜ್ಡಿ ಬೈಕುಗಳು ಇಂದಿಗೂ ನಮ್ಮ ರಸ್ತೆಗಳಲ್ಲಿ ಕಾಣಿಸುತ್ತಿರುವುದಕ್ಕೆ ಅವನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು ಊರೂರಲ್ಲಿ ಇದ್ದದ್ದೂ ಒಂದು ದೊಡ್ಡ ಕಾರಣ.

ಬೆಲೆಯ ಮಾತಿಗೆ ಬಂದರೆ, 2021ರಲ್ಲಿ ಚೆನ್ನೈನ ಶೋರೂಮಿನಲ್ಲಿ 1.84 ಲಕ್ಷದಿಂದ 2.15 ಲಕ್ಷ ರೂಪಾಯಿಗಳ ನಡುವೆ ಆರಂಭವಾದ ಈ ಗಾಡಿಯ ಬೆಲೆ ಕ್ರಮೇಣ ಏರಿತ್ತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದು, ಅದಕ್ಕಿಂತ ದೊಡ್ಡವುಗಳದು ಶೇ. 40ಕ್ಕೆ ಏರಿದ್ದರಿಂದ, 349 ಸಿಸಿಯ ಕ್ಲಾಸಿಕ್ ಗೆರೆಯ ಈಚೆಗೆ ಉಳಿದುಕೊಂಡಿತು. ಈ ಅಳತೆಯ ಗಾಡಿ ಕೊಳ್ಳುವವರಿಗೆ ಇದು ನಿಜವಾದ ಲಾಭ.

ಮಾದರಿಯ ಆಯ್ಕೆಯಲ್ಲಿ ಎಲ್ಲರೂ ಬಣ್ಣ ನೋಡುತ್ತಾರೆ, ನಾನು ಚಕ್ರ ನೋಡಿ ಎನ್ನುತ್ತೇನೆ. ಸ್ಪೋಕ್ ಚಕ್ರದ ಮಾದರಿಗಳಲ್ಲಿ ಟೈರಿನೊಳಗೆ ಟ್ಯೂಬ್ ಇರುತ್ತದೆ. ಮೊಳೆ ಚುಚ್ಚಿದರೆ ಟ್ಯೂಬಿನ ಗಾಳಿ ಒಮ್ಮೆಲೇ ಹೋಗಬಹುದು, ಚಕ್ರ ಬಿಚ್ಚದೆ ಪಂಕ್ಚರ್ ಹಾಕಲಾಗುವುದಿಲ್ಲ, ಮತ್ತು ಶಿರಾಡಿ ಘಾಟಿಯ ನಡುವೆ 195 ಕಿಲೋ ಗಾಡಿಯನ್ನು ತಳ್ಳಿಕೊಂಡು ಹೋಗುವ ಮಾತೇ ಇಲ್ಲ. ಸ್ಪೋಕ್‌ಗಳ ಬಿಗಿಯನ್ನು ಆಗಾಗ ಪರೀಕ್ಷಿಸಬೇಕು, ಕರಾವಳಿಯಲ್ಲಿ ಅವುಗಳ ಬುಡದಲ್ಲಿ ಮೊದಲು ತುಕ್ಕು ಕಾಣಿಸಿಕೊಳ್ಳುತ್ತದೆ. ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರ್ ಇರುವ ಕಪ್ಪು ಮಾದರಿಯಲ್ಲಿ ಮೊಳೆ ಚುಚ್ಚಿದರೂ ಸಾಮಾನ್ಯವಾಗಿ ಗಾಳಿ ನಿಧಾನವಾಗಿ ಸೋರುತ್ತದೆ, ಸೀಟಿನ ಕೆಳಗಿಟ್ಟುಕೊಂಡ ಚಿಕ್ಕ ಕಿಟ್‌ನಿಂದ ಸವಾರನೇ ರಸ್ತೆ ಬದಿಯಲ್ಲಿ ಮುಚ್ಚಿಕೊಳ್ಳಬಹುದು. ಸ್ಪೋಕ್ ಚಕ್ರದ ಚೆಲುವು ಕ್ಲಾಸಿಕ್‌ಗೆ ಹೆಚ್ಚು ಒಪ್ಪುತ್ತದೆ ಎಂಬುದರಲ್ಲಿ ನನಗೂ ಅನುಮಾನವಿಲ್ಲ, ಆದರೆ ಮಲೆನಾಡಿನಲ್ಲಿ, ರಾತ್ರಿ ಹೊತ್ತು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುವವರಿಗೆ ಅಲಾಯ್ ಚಕ್ರದ ಮಾದರಿಯನ್ನೇ ನಾನು ಸೂಚಿಸುವುದು. ಟೆಸ್ಟ್ ರೈಡಿಗೆ ಹೋಗುವಾಗ ಮನೆಯವರೊಬ್ಬರನ್ನು ಹಿಂದೆ ಕೂರಿಸಿಕೊಂಡು ಹೋಗಿ, ಶೋರೂಮಿನ ಮುಂದಿನ ನುಣುಪು ರಸ್ತೆಯಲ್ಲಿ ಒಂದು ಸುತ್ತು ಹಾಕಿ ಮುಗಿಸದೆ, ನೀವು ದಿನವೂ ಓಡಾಡುವಂಥ ಒಂದು ಹಾಳು ರಸ್ತೆಗೆ ಗಾಡಿಯನ್ನು ಇಳಿಸಿ. ಹಿಂದಿನ ಶಾಕ್ ಅಬ್ಸಾರ್ಬರಿನ ಬಗ್ಗೆ ಹಿಂದೆ ಕೂತವರ ಅಭಿಪ್ರಾಯ ಕೇಳಿಕೊಂಡು ಆಮೇಲೆ ಮುಂಗಡ ಕಟ್ಟಿ.